ಲಿಪಿಕಾರನ ಅಪರಾಧ

ಯಾದಗಿರಿ, ಶಹಾಪುರಗಳ ನೆರೆಯ ಭೀಮಾತೀರದ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿಯ ಛಾವಣಿ ಕುಸಿದ ತರುವಾಯ, ದೇವಿಯ ಪೀಠವಾಗಿದ್ದ ಕಲ್ಲುಹಲಗೆಯ ಎರಡೂ ಮುಖಗಳಲ್ಲಿ ಬ್ರಾಹ್ಮೀ ಲಿಪಿ ಕಾಣಿಸಿಕೊಂಡಿತು. ಅಶೋಕನ 12 ಮತ್ತು 14ನೆಯ ಶಾಸನಗಳೂ ಎರಡು ಪ್ರತ್ಯೇಕ ಶಾಸನಗಳೂ ಅದರಲ್ಲಿದ್ದುವು. ಮೂರ್ತಿಯನ್ನು ನಿಲ್ಲಿಸಲೆಂದು ನಡುವೆ ಕೊರೆದ ರಂಧ್ರದಿಂದ ಅಲ್ಲಿ ಅಕ್ಷರಗಳು ಅಳಿದಿದ್ದರೂ, 14ನೆಯ ಶಾಸನದ ಪಾಠವು ಗುಜರಾತಿನ ಗಿರನಾರದ ಬಂಡೆಯ ಮೇಲೆ ಉಳಿದಿದೆ. ಬರಹವು ಎಲ್ಲಿಯಾದರೂ ಅಪೂರ್ಣವಾಗಿದ್ದರೆ ಅದಕ್ಕೆ ಸ್ಥಳವಾಗಲಿ, ಬೇರೊಂದು ಕಾರಣವಾಗಲಿ, ಲಿಪಿಕಾರನ ಅಪರಾಧವಾಗಲಿ ಹೇತುವಾಗಿರಬಹುದೆಂದು ಚಕ್ರವರ್ತಿಯು ಅಲ್ಲಿ ಪ್ರಜೆಗಳಿಗೆ ತಾನಾಗಿಯೇ ತಿಳಿಯಪಡಿಸುತ್ತಾನೆ. ದೋಷವನ್ನು ಕಾರಣಸಹಿತವಾಗಿ ಹೇಳುವ ಇಷ್ಟು ವಿನಯದ ರಾಜವಾಕ್ಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಬರಹದ ತೊಡಕು ಅಕ್ಷರಗಳಲ್ಲಷ್ಟೇ ಅಲ್ಲ, ತೆರಪಿನಲ್ಲಿಯೂ ಉಂಟು. ನಮ್ಮ ಹಳಗನ್ನಡ ಶಾಸನಗಳಲ್ಲಿಯೂ ತಾಳೆಗರಿಗಳಲ್ಲಿಯೂ ಪದಗಳ ನಡುವೆ ಸಾಮಾನ್ಯವಾಗಿ ತೆರಪಿರುತ್ತಿರಲಿಲ್ಲ. ಸಂಧಿಯನ್ನು ಬಿಡಿಸಿ ಪದವಿಂಗಡಿಸುವ ಹೊಣೆ ಓದುವವನದಾಗಿತ್ತು. ಈ ಸೀಮೆಯವರು ಬಾಯಾರಿಕೆಗೆ ನೀರಡಿಕೆ ಎನ್ನುತ್ತಾರೆ. ಅದನ್ನೇ ಬಿಡಿಸಿದರೆ ನೀರೂ ಅಡಿಕೆಯೂ ಬೇರೆಬೇರೆಯಾಗಿ ನಿಲ್ಲುತ್ತವೆ. ಸಂದರ್ಭವನ್ನು ಬಲ್ಲ ಮನುಷ್ಯನಿಗೆ ಇದು ತೊಡಕಲ್ಲ.

ಗಣಕಯಂತ್ರಕ್ಕೆ ಸಂದರ್ಭಜ್ಞಾನವಿಲ್ಲ. 1957ರ ಫೋರ್ಟ್ರಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯು ತೆರಪನ್ನು ಗಣಿಸುತ್ತಲೇ ಇರಲಿಲ್ಲವಾದ್ದರಿಂದ, ಆವರ್ತನೆಯ ಆಜ್ಞೆಯಲ್ಲಿ ಅಲ್ಪವಿರಾಮದೆಡೆಯಲ್ಲಿ ಒಂದು ಚುಕ್ಕೆ ಬಿದ್ದರೆ ಆಜ್ಞೆಯ ಅಕ್ಷರಗಳೆಲ್ಲ ಕೂಡಿ ಹೊಸದೊಂದು ಚರದ ಹೆಸರಾಗಿ, ಯಂತ್ರವು ದೋಷವನ್ನೇ ಹೇಳದೆ ಮುಂದುವರಿಯುತ್ತಿತ್ತು. ಗೀಡೋ ವಾನ್ ರೋಸಮ್ 1991ರಲ್ಲಿ ಪ್ರಕಟಿಸಿದ ಪೈಥಾನ್ ಭಾಷೆಯಾದರೋ ಸಾಲಿನ ಆರಂಭದ ತೆರಪಿಗೇ ಅರ್ಥವನ್ನಿತ್ತು, ಯಾವ ಸಾಲು ಯಾವುದಕ್ಕೆ ಅಧೀನವೆಂಬುದನ್ನು ಅದರಿಂದಲೇ ನಿರ್ಣಯಿಸಿತು. ಟ್ಯಾಬ್ ಒತ್ತಿದ ತೆರಪೂ ಸ್ಪೇಸ್ ಒತ್ತಿದ ತೆರಪೂ ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ತೆರೆದ ಆವರಣಚಿಹ್ನೆಯನ್ನು ಮುಚ್ಚಲು ಮರೆತರಂತೂ, ನಿರಪರಾಧಿಯಾದ ಮುಂದಿನ ಸಾಲನ್ನೇ ತೋರಿಸಿ ವಾಕ್ಯರಚನೆ ಅಸಿಂಧುವೆಂದಷ್ಟೇ ಹೇಳಿ ಅದು ಸುಮ್ಮನಾಗುತ್ತಿತ್ತು. ಮುಚ್ಚದೆ ಬಿಟ್ಟ ಚಿಹ್ನೆ ಇಂಥದೆಂದು ಬೆರಳಿಟ್ಟು ತೋರುವ ಸೌಜನ್ಯ 2021ರ 3.10ನೆಯ ಆವೃತ್ತಿಯಲ್ಲಿ ಬಂದಿತು.

ಆದರೂ ಆ ಸೂಚನೆ ಇಂಗ್ಲಿಷಿನದು. ಕನ್ನಡ ಮಾಧ್ಯಮದಲ್ಲಿ ಓದಿ ಬಂದು ಪೈಥಾನ್ ಕಲಿಯುವ ಸುರಪುರದ ಹುಡುಗಿಗೆ ಕಾಣದ ತೆರಪಿನ ತಪ್ಪೊಂದು, ತಿಳಿಯದ ಮಾತಿನ ಭಯವೊಂದು. ಎರಡನ್ನೂ ಅವಳು ತನ್ನ ಬುದ್ಧಿಯ ಕೊರತೆಯೆಂದೇ ಬಗೆಯುತ್ತಾಳೆ. ಅಶೋಕನು ಸಂಸ್ಕೃತದಲ್ಲಿ ಬರೆಯಿಸಲಿಲ್ಲ, ಜನಬಳಕೆಯ ಪ್ರಾಕೃತದಲ್ಲಿ ಬರೆಯಿಸಿದನು. ಅದರಂತೆಯೇ ಯಾದಗಿರಿ, ಶಹಾಪುರ, ಸುರಪುರಗಳ ಅಧ್ಯಾಪಕರು ಪಾಠ ಹೇಳುವಾಗ ಪ್ರತಿಯೊಂದು ದೋಷಸೂಚನೆಯ ಕೆಳಗೂ, ತಪ್ಪು ಎಲ್ಲಿ ಆಯಿತು, ಏತಕ್ಕೆ ಆಯಿತು ಎಂಬುದನ್ನು ಕನ್ನಡದಲ್ಲಿ ಎರಡು ಸಾಲು ಬರೆದುಕೊಡಬೇಕೆಂದು ಪ್ರಾರ್ಥಿಸುತ್ತೇನೆ.