ಪವಾಡ, ವಿಗ್ರಹ, ವಿಮಾನ ದುರಂತ: ನಾಸ್ತಿಕ ವಾದಕ್ಕೆ ಮಂಗಳೂರಿನಿಂದ ಒಂದು ಕ್ರೈಸ್ತ ಉತ್ತರ

ದೇವರಿದ್ದಾನೆಯೇ ಎಂಬ ಚರ್ಚೆ ಮಂಗಳೂರಿನಲ್ಲಿ ಸೃಷ್ಟಿಯ ಮೂಲಕಾರಣದಿಂದ ಆರಂಭವಾಗುವುದು ಅಪರೂಪ; ಅದು ಪವಾಡದಿಂದ ಆರಂಭವಾಗುತ್ತದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಎಚ್. ನರಸಿಂಹಯ್ಯ ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ಅದೇ ವರ್ಷ ನರೇಂದ್ರ ನಾಯಕ್ ಇಲ್ಲಿ ದಕ್ಷಿಣ ಕನ್ನಡ ವಿಚಾರವಾದಿ ಸಂಘವನ್ನು ಕಟ್ಟಿದರು. ಜೀವರಸಾಯನಶಾಸ್ತ್ರದ ಅಧ್ಯಾಪಕರಾಗಿದ್ದ ನಾಯಕ್, ಪವಾಡವೆನಿಸಿಕೊಂಡದ್ದನ್ನು ಜನರ ಎದುರೇ ಮಾಡಿ ತೋರಿಸಿ, ಆಮೇಲೆ ಅದರ ಒಳಗುಟ್ಟನ್ನು ಬಿಡಿಸಿ ಹೇಳುತ್ತ ಬಂದವರು. ಇದಕ್ಕೆ ಉತ್ತರವಾಗಿ, ದೇವರಿದ್ದಾನೆಂದು ತರ್ಕದಿಂದ ಸಾಧಿಸುವ ಅಕ್ವಿನಾಸನ ಐದು ದಾರಿಗಳನ್ನು ಮುಂದಿಟ್ಟರೆ ಕೇಳಿದ ಪ್ರಶ್ನೆಯೇ ಒಂದು, ಕೊಟ್ಟ ಉತ್ತರವೇ ಇನ್ನೊಂದು ಎಂದಾಗುತ್ತದೆ. ಇಲ್ಲಿನ ನಾಸ್ತಿಕ ವಾದದ ಅರ್ಧಭಾಗವನ್ನು ಕ್ರೈಸ್ತರು ಒಪ್ಪಿಕೊಳ್ಳಬೇಕು, ಒಪ್ಪಿಕೊಂಡ ಮೇಲೆಯೇ ಉಳಿದರ್ಧಕ್ಕೆ ಉತ್ತರ ಕೊಡುವ ಅರ್ಹತೆ ಬರುತ್ತದೆ ಎಂಬುದು ಈ ಲೇಖನದ ನಿಲುವು.

2012ರಲ್ಲಿ ಮುಂಬೈಯ ಇರ್ಲಾದ ವೇಲಾಂಕಣಿ ಮಾತೆಯ ಚರ್ಚಿನಲ್ಲಿ ಶಿಲುಬೆಯ ಮೂರ್ತಿಯಿಂದ ನೀರು ತೊಟ್ಟಿಕ್ಕತೊಡಗಿತು. ಚರಂಡಿಯ ನೀರು ಗೋಡೆಯ ಸಣ್ಣ ಸಂದುಗಳಲ್ಲಿ ಹೀರಿಕೊಂಡು ಮೇಲೇರಿದೆ ಎಂದು ವಿಚಾರವಾದಿ ಸನಲ್ ಎಡಮರುಕು ವಿವರಿಸಿದರು. ಅವರ ಮೇಲೆ ದಂಡ ಸಂಹಿತೆಯ 295ಎ ಕಲಮಿನಡಿ ದೂರುಗಳು ದಾಖಲಾದವು. ಅವರು ಫಿನ್ಲೆಂಡಿಗೆ ಹೋದರು. ಈ ದೂರುಗಳನ್ನು ಕ್ರೈಸ್ತ ಉತ್ತರವೆಂದು ಕರೆಯಲು ನಾನು ಸಿದ್ಧನಿಲ್ಲ. ಪವಾಡಗಳನ್ನು ಪರೀಕ್ಷಿಸುವಲ್ಲಿ ಚರ್ಚಿನ ಸ್ವಂತ ಸಂಪ್ರದಾಯವೇ ಇದಕ್ಕಿಂತ ಕಟ್ಟುನಿಟ್ಟು. ಫ್ರಾನ್ಸಿನ ಪುಣ್ಯಕ್ಷೇತ್ರವಾದ ಲೂರ್ದಿನಲ್ಲಿ 1883ರಿಂದ ವೈದ್ಯಕೀಯ ಕಚೇರಿಯೊಂದಿದೆ. ಗುಣವಾಯಿತೆಂದು ಅಲ್ಲಿಗೆ ಬಂದ ಸಾವಿರಾರು ಪ್ರಕರಣಗಳಲ್ಲಿ ಚರ್ಚು ಪವಾಡವೆಂದು ಅಂಗೀಕರಿಸಿದ್ದು 70ರ ಆಸುಪಾಸು ಮಾತ್ರ. ಉಳಿದವಕ್ಕೆ ಆ ಹೆಸರು ಸಿಗಲಿಲ್ಲ. ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರದಲ್ಲಿ ಹರಕೆ ಒಪ್ಪಿಸುವ ಭಕ್ತರು ಇಂಥ ದಾಖಲೆ ಕೇಳುವವರಲ್ಲ, ಕೇಳಬೇಕಾಗಿಯೂ ಇಲ್ಲ. ಕೃತಜ್ಞತೆಗೆ ಪುರಾವೆ ಬೇಡ. ಆದರೆ ಅದೇ ಕೃತಜ್ಞತೆಯನ್ನು ದೇವರಿದ್ದಾನೆ ಎಂಬುದಕ್ಕೆ ಸಾಕ್ಷ್ಯವಾಗಿ ಮಂಡಿಸಿದ ಕ್ಷಣ ವಿಚಾರವಾದಿಗೆ ಪಾಟೀಸವಾಲಿನ ಹಕ್ಕು ಬರುತ್ತದೆ.

ಪಾಟೀಸವಾಲನ್ನು ಈ ಊರಿಗೆ ಅಚ್ಚಿನಲ್ಲಿ ತಂದವರಲ್ಲಿ ಮಿಷನರಿಗಳೂ ಸೇರಿದ್ದಾರೆ ಎಂಬುದು ಮರೆತುಹೋದ ಸಂಗತಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ತನ್ನ ಪ್ರಚಾರ ಸಾಹಿತ್ಯದಲ್ಲಿ ವಿಗ್ರಹಾರಾಧನೆಯನ್ನೂ ಭೂತಾರಾಧನೆಯನ್ನೂ ತರ್ಕದಿಂದ ಖಂಡಿಸುತ್ತಿತ್ತು. ಮುಂದೆ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ ಇಲ್ಲಿಗೆ ಬಂದದ್ದು 1836ರಲ್ಲಿ. ಅದರ ಹಿಂದಿನ ವರ್ಷವಷ್ಟೇ, ಮೋಗ್ಲಿಂಗ್ ಓದಿದ್ದ ಟ್ಯೂಬಿಂಗನ್‌ನಲ್ಲೇ ಪಾಠ ಹೇಳಿದ್ದ ಡೇವಿಡ್ ಸ್ಟ್ರೌಸ್, ಸುವಾರ್ತೆಯ ಪವಾಡಗಳು ಪುರಾಣಕಥನಗಳೆಂದು ವಾದಿಸುವ ಯೇಸುಚರಿತ್ರೆಯನ್ನು ಪ್ರಕಟಿಸಿದ್ದ. ಊರಿನ ದೈವಗಳತ್ತ ತಿರುಗಿಸಿದ ವಿಮರ್ಶೆಯ ಮೊನೆ ಜರ್ಮನಿಯಲ್ಲಿ ಆಗಲೇ ಬೈಬಲ್ಲಿನತ್ತ ತಿರುಗಿತ್ತು. ಅನ್ಯರ ನಂಬಿಕೆಗೆ ಒಂದು ಅಳತೆಗೋಲು, ನಮ್ಮದಕ್ಕೆ ಇನ್ನೊಂದು ಎಂಬ ಪಕ್ಷಪಾತ ಮಿಷನರಿ ಬರವಣಿಗೆಯಲ್ಲಿ ಇತ್ತೆಂದು ಹೇಳಲು ಹಿಂಜರಿಯಬೇಕಿಲ್ಲ.

ನಾಸ್ತಿಕರ ಇನ್ನೊಂದು ವಾದ ಹೆಚ್ಚು ಸೂಕ್ಷ್ಮವಾದದ್ದು. ದೇವರನ್ನು ಮನುಷ್ಯನೇ ತನ್ನ ರೂಪದಲ್ಲಿ ಮಾಡಿಕೊಂಡ ಎಂದು ತತ್ವಜ್ಞಾನಿ ಫಾಯರ್‌ಬಾಖ್ 1841ರಲ್ಲಿ ಬರೆದ. ಕರಾವಳಿಯ ಓದುಗರಿಗೆ ಈ ವಿಚಾರ ಜರ್ಮನಿಯಿಂದ ಬರಬೇಕಾಗಿರಲಿಲ್ಲ. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ (1968) ಅದನ್ನು ಮುದುಕಿಯೊಬ್ಬಳ ಬಾಯಲ್ಲಿ, ಅಗೆದು ತೆಗೆದ ಹಳೆಯ ವಸ್ತುಗಳ ನೆವದಲ್ಲಿ ಹೇಳಿತ್ತು. ನಂಬಿಕೆ ಎಲ್ಲಿಂದ ಹುಟ್ಟಿತೆಂದು ತೋರಿಸಿದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ ಎಂಬುದು ಇದಕ್ಕೆ ತರ್ಕಶಾಸ್ತ್ರದ ಸಿದ್ಧ ಉತ್ತರ. ಸರಿಯೇ, ಆದರೆ ಸಾಲದು. ಯೆಶಾಯನ ಗ್ರಂಥದ 44ನೇ ಅಧ್ಯಾಯ ಇದಕ್ಕಿಂತ ಮುಂದೆ ಹೋಗುತ್ತದೆ. ಅಲ್ಲಿ ಒಬ್ಬಾತ ಮರ ಕಡಿದು ತರುತ್ತಾನೆ. ಅರ್ಧವನ್ನು ಒಲೆಗಿಟ್ಟು ರೊಟ್ಟಿ ಸುಟ್ಟು, ಮಾಂಸ ಬೇಯಿಸಿ, ಚಳಿ ಕಾಯಿಸಿಕೊಳ್ಳುತ್ತಾನೆ. ಉಳಿದರ್ಧವನ್ನು ಕೆತ್ತಿ ಅದರ ಮುಂದೆ ಅಡ್ಡಬೀಳುತ್ತಾನೆ. ಕಾರಂತರ ಮೂಕಜ್ಜಿ ಈ ಭಾಗವನ್ನು ಓದಿದ್ದರೆ ನಕ್ಕು ತಲೆದೂಗುತ್ತಿದ್ದಳೇನೋ. ಪ್ರವಾದಿಯ ಈ ಅಣಕವನ್ನು ಬರೀ ನೆರೆಯವರ ಗುಡಿಗೆ ಅನ್ವಯಿಸುವುದು ಅದನ್ನು ತಪ್ಪಾಗಿ ಓದುವುದೇ ಸರಿ. ಜಾತಿಯ ಹೆಮ್ಮೆ, ಸಮುದಾಯದ ಪ್ರತಿಷ್ಠೆ, ಹರಕೆಗೆ ಪ್ರತಿಯಾಗಿ ಫಲ ಕೊಡುವ ವ್ಯವಹಾರಸ್ಥ ದೇವರು ಇವೂ ಆ ಮರದಲ್ಲೇ ಕೆತ್ತಿದವು. ನಾಸ್ತಿಕತೆ ಹುಟ್ಟುವಲ್ಲಿ ವಿಶ್ವಾಸಿಗಳ ಪಾಲೂ ಇದೆಯೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಒಪ್ಪಿಕೊಂಡದ್ದು ಇದೇ ಜಾಡಿನಲ್ಲಿ.

ಸಂಕಟದ ಪ್ರಶ್ನೆಗೆ ಬಂದಾಗ ಮಾತ್ರ ಒಪ್ಪಿಗೆ ಸಾಲದಾಗುತ್ತದೆ. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದು ಉರಿಯಿತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು, 8 ಮಂದಿ ಉಳಿದರು. ಉಳಿದವರ ಬಗ್ಗೆ ‘ದೇವರು ಕಾಪಾಡಿದ’ ಎಂಬ ಮಾತು ಇಂಥ ಹೊತ್ತಿನಲ್ಲಿ ಯಾರ ಬಾಯಲ್ಲೂ ಬರುವಂಥದು. ಹಾಗಾದರೆ ಸತ್ತ 158 ಮಂದಿಯನ್ನು? ಸರ್ವಶಕ್ತ, ಸರ್ವಹಿತೈಷಿ ದೇವರು ಮತ್ತು ಕೇಡು ಒಟ್ಟಿಗೆ ಇರಲಾರವು ಎಂದು ತತ್ವಜ್ಞಾನಿ ಜೆ.ಎಲ್. ಮ್ಯಾಕಿ 1955ರಲ್ಲಿ ವಾದಿಸಿದ್ದ. ಮನುಷ್ಯನಿಗೆ ನಿಜವಾದ ಸ್ವಾತಂತ್ರ್ಯ ಕೊಟ್ಟ ಲೋಕದಲ್ಲಿ ಕೇಡಿನ ಸಾಧ್ಯತೆಯೂ ಇರುತ್ತದೆ, ಆದ್ದರಿಂದ ವಿರೋಧಾಭಾಸವಿಲ್ಲ ಎಂಬುದು 1974ರಲ್ಲಿ ಆಲ್ವಿನ್ ಪ್ಲಾಂಟಿಂಗಾ ಕೊಟ್ಟ ಸಮಾಧಾನ. ಬಜಪೆಯ ಪ್ರಕರಣಕ್ಕೆ ಇದು ಅರ್ಧ ಹೊಂದುತ್ತದೆ: ಸಹಪೈಲಟ್ ಮೂರು ಸಲ ‘ಗೋ ಅರೌಂಡ್’ ಎಂದರೂ ಕ್ಯಾಪ್ಟನ್ ಇಳಿಯುವುದನ್ನು ಕೈಬಿಡಲಿಲ್ಲವೆಂದು ತನಿಖಾ ವರದಿ ಹೇಳಿತು. ಆದರೆ ಹಿಂದಿನ ಸೀಟುಗಳಲ್ಲಿದ್ದ ಮಕ್ಕಳು ಯಾವ ಆಯ್ಕೆಯನ್ನೂ ಮಾಡಿರಲಿಲ್ಲ. ಇಂಥ ಒಂದೊಂದು ಸಂಕಟವೂ ದೇವರಿಲ್ಲವೆಂಬ ಸಂಭವವನ್ನು ಹೆಚ್ಚಿಸುತ್ತದೆ ಎಂದು ವಿಲಿಯಂ ರೋ 1979ರಲ್ಲಿ ಎತ್ತಿದ ವಾದ ಪ್ಲಾಂಟಿಂಗಾನ ಸಮಾಧಾನದ ಆಚೆಗೂ ನಿಲ್ಲುತ್ತದೆ.

ಇಲ್ಲಿ ಕ್ರೈಸ್ತರು ಮಾಡಬಹುದಾದ ಮೊದಲ ಕೆಲಸ, ಎಂಟು ಮಂದಿಯನ್ನು ಸಾಕ್ಷಿಕಟ್ಟೆಗೆ ಹತ್ತಿಸದಿರುವುದು. ಯೋಬನ ಗ್ರಂಥದಲ್ಲಿ ಸಂಕಟಕ್ಕೆ ಕಾರಣ ವಿವರಿಸಿದ ಗೆಳೆಯರನ್ನೇ ದೇವರು ಕೊನೆಗೆ ಗದರುತ್ತಾನೆ, ಜಗಳವಾಡಿದ ಯೋಬನನ್ನಲ್ಲ. ಕ್ರೈಸ್ತ ಮತ ಕೊಡುವುದು ಕಾರಣವನ್ನಲ್ಲ, ಶಿಲುಬೆಯ ಮೇಲೆ ಸಂಕಟಪಟ್ಟ ದೇವರನ್ನು. ಇದು ರೋ ಎತ್ತಿದ ವಾದವನ್ನು ಖಂಡಿಸುವುದಿಲ್ಲ. ಕಾರಣ ನಮಗೆ ಕಾಣದಿರುವುದಕ್ಕೂ ಕಾರಣವೇ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ ಎಂದಷ್ಟೇ ಹೇಳಿ, ನಂಬಲು ಬೇರೆ ಆಧಾರ ಹುಡುಕಲು ಬಿಡುತ್ತದೆ.

ಆ ಆಧಾರ ಸೇವೆಯೇ ಎನ್ನುವವರು ಕಂಕನಾಡಿಯತ್ತ ಕೈತೋರುತ್ತಾರೆ. ಜೆಸ್ವಿತ್ ಗುರು ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಔಷಧಿ ಹಂಚತೊಡಗಿದರು. 1890ರಲ್ಲಿ ಅಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ ಬಂತು. ಅವರು ಹಂಚಿದ್ದು ಹೋಮಿಯೋಪತಿ ಗುಳಿಗೆ, ವಿಚಾರವಾದಿಗಳು ಔಷಧಿಯೆಂದೇ ಒಪ್ಪದ ವಸ್ತು ಎಂಬುದು ಈ ಕಥೆಯ ತಮಾಷೆ. ಸೇವೆಯಿಂದ ಸತ್ಯ ಸಿದ್ಧವಾಗುವುದೂ ಇಲ್ಲ. ಗೋರಾ ಸ್ಥಾಪಿಸಿದ ವಿಜಯವಾಡದ ನಾಸ್ತಿಕ ಕೇಂದ್ರ ದೇವರ ಹೆಸರೆತ್ತದೆ ಸಮಾಜಸೇವೆ ನಡೆಸಿದೆ.

ಹಾಗಾಗಿ ಚರ್ಚೆ ಕೊನೆಗೆ ನಿಲ್ಲಬೇಕಾದದ್ದು ಪುನರುತ್ಥಾನದ ಬಳಿ. ಯೇಸು ಸತ್ತು ಇಪ್ಪತ್ತು ಚಿಲ್ಲರೆ ವರ್ಷಗಳಲ್ಲೇ ಕೊರಿಂಥದ ಸಭೆಗೆ ಬರೆದ ಪೌಲ, ಅದು ನಡೆದಿರದಿದ್ದರೆ ನಮ್ಮ ನಂಬಿಕೆಯೇ ವ್ಯರ್ಥ ಎಂದು ಸ್ಪಷ್ಟವಾಗಿ ಒಪ್ಪಿಕೊಂಡ. ಕಂಡವರ ಹೆಸರುಗಳನ್ನೂ ಕೊಟ್ಟು, ಅವರಲ್ಲಿ ಅನೇಕರು ಇನ್ನೂ ಬದುಕಿದ್ದಾರೆ ಎಂದ. ಅದು ಶೋಕದಲ್ಲಿ ಹುಟ್ಟಿದ ಭ್ರಮೆ ಎಂದು ನಾಸ್ತಿಕರು ಹೇಳಬಹುದು, ಸ್ಟ್ರೌಸ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ. ಶೋಕದ ಭ್ರಮೆ ಶಿಷ್ಯರಿಗೆ ಹೊಂದಬಹುದು, ಅವರನ್ನು ಹಿಂಸಿಸುತ್ತಿದ್ದ ಪೌಲನಿಗೆ ಹೊಂದುವುದು ಕಷ್ಟ. ಆದರೆ ಪೌಲನದು ನೇರ ಸಾಕ್ಷ್ಯ, ಖಾಲಿ ಸಮಾಧಿಯ ಕಥನಗಳು ಅದಕ್ಕಿಂತ ತಡವಾಗಿ ಬರಹಕ್ಕಿಳಿದವು. ಎರಡನ್ನೂ ಒಂದೇ ತೂಕದಲ್ಲಿ ಮಂಡಿಸಿದರೆ ವಿಚಾರವಾದಿ ಮೊದಲು ಎಳೆಯುವುದು ಆ ಸಡಿಲ ದಾರವನ್ನೇ.