ಹಲ್ಲುನೋವಿನ ಹುಲ್ಲು

ಹಲ್ಲುನೋವಿನ ಹುಲ್ಲು (ಟೀನಿಯಂ ಅರೋಮ್ಯಾಟಿಕಂ) ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಕರಾವಳಿ ಬಯಲಿನ ಜೌಗು ಪೈನ್ ಸವನ್ನಾಗಳಲ್ಲಿ ಬೆಳೆಯುವ ಬಹುವಾರ್ಷಿಕ ಹುಲ್ಲು. ವರ್ಜೀನಿಯದಿಂದ ಫ್ಲಾರಿಡದವರೆಗೂ, ಪಶ್ಚಿಮಕ್ಕೆ ಲೂಯಿಸಿಯಾನದವರೆಗೂ ಹಬ್ಬಿದೆ. ರಾಗಿ, ಗರಿಕೆಗಳಂತೆ ಇದೂ ಕ್ಲೋರಿಡಾಯ್ಡಿಯೀ ಉಪಕುಟುಂಬಕ್ಕೆ ಸೇರಿದ್ದು. ಎದೆಯೆತ್ತರದ ಕಡ್ಡಿಯ ತುದಿಗೆ ಒಂದೇ ತೆನೆ. ಅದರ ಒಂದು ಮಗ್ಗುಲಲ್ಲಿ ಮಾತ್ರ ಕಿರುತೆನೆಗಳು ಬಾಚಣಿಗೆಯ ಹಲ್ಲಿನಂತೆ ಸಾಲುಗಟ್ಟಿರುತ್ತವೆ. ಬಲಿತಂತೆ ತೆನೆ ಬಾಗಿ ಸುರುಳಿಯಾಗುತ್ತದೆ. ಬುಡವನ್ನು ಹಿಸುಕಿದರೆ ನಿಂಬೆಯ ಕಂಪು ಬರುತ್ತದೆ. ಅಗಿದರೆ ತುಟಿ, ನಾಲಗೆ ಜುಮ್ಮೆಂದು ಮರಗಟ್ಟುತ್ತವೆ. ಹಲ್ಲುನೋವಿಗೆ ಇದನ್ನು ಅಗಿಯುವ ನಾಟಿ ಪದ್ಧತಿಗೆ ಈ ಗುಣವೇ ಕಾರಣ.

ದಕ್ಷಿಣ ಕ್ಯಾರೊಲಿನದ ಸ್ಯಾಂಟೀ ನದಿಯ ಬಳಿ ನೆಲೆಸಿದ್ದ ಸಸ್ಯವಿಜ್ಞಾನಿ ಥಾಮಸ್ ವಾಲ್ಟರ್ ತನ್ನ ‘ಫ್ಲೋರಾ ಕ್ಯಾರೊಲಿನಿಯಾನ’ (1788) ಗ್ರಂಥದಲ್ಲಿ ಇದನ್ನು ಏಜಿಲೋಪ್ಸ್ ಕುಲಕ್ಕೆ ಸೇರಿಸಿ ವರ್ಣಿಸಿದ. 1861ರಲ್ಲಿ ಸಸ್ಯವಿಜ್ಞಾನಿ ಆಲ್ಫಾನ್ಸೊ ವುಡ್ ಇದನ್ನು ಟೀನಿಯಂ ಕುಲಕ್ಕೆ ವರ್ಗಾಯಿಸಿದ.

ಈ ಹುಲ್ಲಿನ ಏಳುಬೀಳು ಬೆಂಕಿಯನ್ನು ಅವಲಂಬಿಸಿದೆ. ಸಿಡಿಲಿನಿಂದಲೂ ಮೂಲನಿವಾಸಿಗಳು ಹಚ್ಚುತ್ತಿದ್ದುದರಿಂದಲೂ ಸವನ್ನಾಗಳು ಕೆಲವೇ ವರ್ಷಗಳಿಗೊಮ್ಮೆ ಉರಿಯುತ್ತಿದ್ದವು. ಪೊದೆಗಳು ಸುಟ್ಟು ನೆಲಕ್ಕೆ ಬಿಸಿಲು ಬೀಳುತ್ತಿತ್ತು. ಬುಡದಿಂದ ಮತ್ತೆ ಚಿಗುರುತ್ತಿದ್ದ ಹುಲ್ಲು ಸಮೃದ್ಧವಾಗಿ ತೆನೆ ಬಿಡುತ್ತಿತ್ತು. ಈ ಸವನ್ನಾಗಳನ್ನೂ ಒಳಗೊಂಡು ಸುಮಾರು 9 ಕೋಟಿ ಎಕರೆಯಷ್ಟಿದ್ದ ಲಾಂಗ್‌ಲೀಫ್ ಪೈನ್ ಕಾಡು ಮರ ಕಡಿತ, ಟರ್ಪೆಂಟೈನ್ ಉದ್ಯಮ ಹಾಗೂ ಬೇಸಾಯಕ್ಕೆ ಬಲಿಯಾದಾಗ ಹುಲ್ಲಿನ ನೆಲೆಯೇ ಕುಗ್ಗಿತು. ಉಳಿದ ಕಡೆ ಬೆಂಕಿ ತಡೆಯುವ ನೀತಿ ಪೊದೆಗಳನ್ನು ಬೆಳೆಸಿತು. 1920ರ ದಶಕದ ಕೊನೆಯಲ್ಲಿ ‘ಡಿಕ್ಸಿ ಕ್ರುಸೇಡರ್ಸ್’ ಎಂಬ ಪ್ರಚಾರಕರು ಲಾರಿಗಳಲ್ಲಿ ಪ್ರೊಜೆಕ್ಟರ್ ಹೊತ್ತು ಊರೂರು ಸುತ್ತಿ, ಕಾಡಿಗೆ ಬೆಂಕಿ ಹಾಕಬೇಡಿ ಎಂದು ಸಿನಿಮಾ ತೋರಿಸುತ್ತಿದ್ದರು.

ಆಮೇಲೆ ಈ ನಿಲುವು ಬದಲಾಯಿತು. 1943ರಲ್ಲಿ ಅಮೆರಿಕದ ಅರಣ್ಯ ಸೇವೆಯು ದಕ್ಷಿಣದ ಪೈನ್ ಕಾಡುಗಳಲ್ಲಿ ನಿಯಂತ್ರಿತ ಸುಡುವಿಕೆಗೆ ಒಪ್ಪಿತು. 1980ರ ದಶಕದ ಆರಂಭದಲ್ಲಿ ಸಸ್ಯ ಪರಿಸರ ವಿಜ್ಞಾನಿಗಳಾದ ಜೋನ್ ವಾಕರ್ ಮತ್ತು ರಾಬರ್ಟ್ ಪೀಟ್ ಉತ್ತರ ಕ್ಯಾರೊಲಿನದ ಗ್ರೀನ್ ಸ್ವಾಂಪಿನಲ್ಲಿ ಮೇಲಿಂದ ಮೇಲೆ ಸುಡುವ ಸವನ್ನಾಗಳ ಒಂದು ಚದರ ಮೀಟರಿನಲ್ಲೇ 40ಕ್ಕೂ ಹೆಚ್ಚು ಸಸ್ಯಜಾತಿಗಳನ್ನು ದಾಖಲಿಸಿದರು. ಹಲ್ಲುನೋವಿನ ಹುಲ್ಲು ಅಲ್ಲಿನ ಪ್ರಧಾನ ಹುಲ್ಲುಗಳಲ್ಲೊಂದು. ಕೀಟಾಹಾರಿ ವೀನಸ್ ಫ್ಲೈಟ್ರ್ಯಾಪ್ ಅದರ ನೆರೆಯ ಗಿಡ. 1990ರಲ್ಲಿ ಫ್ಲಾರಿಡ ನಿಯಂತ್ರಿತ ಸುಡುವಿಕೆಗೆ ಕಾನೂನಿನ ರಕ್ಷಣೆ ಕೊಟ್ಟಿತು. ಇಂದು ಈ ಹುಲ್ಲಿನ ಸಂರಕ್ಷಣೆ ಎಂದರೆ ಮುಖ್ಯವಾಗಿ ಎರಡು ಕೆಲಸ: ನೆಲದ ಜೌಗು ಬತ್ತದಂತೆ ನೋಡಿಕೊಳ್ಳುವುದು, ಕಾಲಕಾಲಕ್ಕೆ ಬೆಂಕಿ ಕೊಡುವುದು.