ಅರ್ಧ ಟನ್ ಅಂದ್ರೆ ಎಷ್ಟು?

"ಲೇ, ಇದು ಎಷ್ಟ್ ತೂಕ ತಡೀತದಂತೆ?"

ಅಪ್ಪ ಈ ಪ್ರಶ್ನೆ ಕೇಳಿದ್ದು ಅಮೆರಿಕದ ಒರೆಗಾನ್ ರಾಜ್ಯದಲ್ಲಿ, ನನ್ನ ಗೆಳೆಯನ ಮನೆ ಮುಂದೆ ನಿಂತು. ಆಗ ನಾನು ಪೋರ್ಟ್‌ಲ್ಯಾಂಡ್ ಹತ್ತಿರ ಆನ್‌ಸೈಟ್ ಕೆಲಸದಲ್ಲಿದ್ದೆ. ಮಂಡ್ಯದ ಕಬ್ಬಿನ ಗದ್ದೆ ಬಿಟ್ಟು ಅಪ್ಪ ಮೊದಲ ಸಲ ವಿಮಾನ ಹತ್ತಿ ಬಂದಿದ್ದ. ಗೆಳೆಯ ಅದೇ ತಿಂಗಳು ಒಂದು ಹಳೇ ಪಿಕಪ್ಪನ್ನೂ ಅದರ ಮೇಲೆ ಕೂರಿಸೋ ಕ್ಯಾಂಪರನ್ನೂ ಕೊಂಡಿದ್ದ. ಕ್ಯಾಂಪರ್ ಅಂದ್ರೆ ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲಾ ಇರೋ ಒಂದು ಪುಟ್ಟ ಮನೆ. ಗಾಡಿ ಹಿಂದೆ ಕಟ್ಟಿಕೊಂಡು ಎಳೆಯೋ ಥರದ್ದಲ್ಲ ಇದು, ಪಿಕಪ್ಪಿನ ತೊಟ್ಟಿಯೊಳಗೇ ಕೂರುತ್ತೆ. ಪೂರ್ತಿ ಭಾರ ಗಾಡಿಯ ಬೆನ್ನ ಮೇಲೆ. ನಾವು ನಾಲ್ಕು ಜನ, ಗೆಳೆಯ, ಅವನ ಹೆಂಡತಿ, ನಾನು, ಅಪ್ಪ, ಕ್ರೇಟರ್ ಲೇಕ್ ನೋಡೋಕೆ ಹೊರಟಿದ್ವಿ.

"ಹಾಫ್ ಟನ್ ಟ್ರಕ್ ಅಂಕಲ್ ಇದು," ಅಂದ ಗೆಳೆಯ ಹೆಮ್ಮೆಯಿಂದ.

"ಅಂದ್ರೆ ಐನೂರು ಕಿಲೋನಾ? ಮ್ಯಾಲೆ ಕೂರ್ಸಿರೋ ಮನೆ ಎಷ್ಟ್ ತೂಗ್ತದೆ?"

ಗೆಳೆಯ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರೂ ಬಿ.ಇ. ಮಾಡಿದವರು. ಆಫೀಸಲ್ಲಿ ಸರ್ವರ್ ಎಷ್ಟು ಲೋಡ್ ತಡೆಯುತ್ತೆ ಅಂತ ವಾರಗಟ್ಟಲೆ ಟೆಸ್ಟ್ ಮಾಡೋ ನಮಗೆ ಎದುರಿಗಿರೋ ಗಾಡಿಯ ಲೋಡ್ ಗೊತ್ತಿರಲಿಲ್ಲ. ಅವತ್ತು ರಾತ್ರಿ ಕೂತು ಓದಿದ್ದು, ಆಮೇಲೆ ತಿಂಗಳುಗಟ್ಟಲೆ ಹುಡುಕಿ ಓದಿದ್ದು ಎರಡೂ ಸೇರಿ ಈ ಬರಹ ಆಗಿದೆ.

ಪಿಕಪ್ಪಿನ ಕಥೆ ಶುರುವಾಗೋದು ರೈತರಿಂದಲೇ. 1908ರಲ್ಲಿ ಫೋರ್ಡ್ ಕಂಪನಿಯ ಮಾಡೆಲ್ ಟಿ ಕಾರು ಬಂತು. ಅಮೆರಿಕದ ರೈತರು ಅದರ ಹಿಂಭಾಗಕ್ಕೆ ತಾವೇ ಹಲಗೆ ಹೊಡೆದು, ಪೆಟ್ಟಿಗೆ ಕೂರಿಸಿ, ಆಲೂಗಡ್ಡೆ, ಹಾಲು ಎಲ್ಲಾ ಹೇರೋಕೆ ಶುರು ಮಾಡಿದರು. ಇದನ್ನ ನೋಡಿದ ಕಂಪನಿ 1925ರಲ್ಲಿ ತೊಟ್ಟಿ ಜೋಡಿಸಿದ ಮಾಡೆಲ್ ಟಿ ಪಿಕಪ್ಪನ್ನ ಕಾರ್ಖಾನೆಯಿಂದಲೇ ಹೊರಗೆ ಬಿಟ್ಟಿತು. ಬೆಲೆ 281 ಡಾಲರ್, ಇಂಜಿನ್ನು ಬರೀ 20 ಅಶ್ವಶಕ್ತಿ. ಆಮೇಲಿನ ವರ್ಷಗಳಲ್ಲಿ ಪಿಕಪ್ಪುಗಳಿಗೆ ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಅನ್ನೋ ಹೆಸರುಗಳು ಅಂಟಿಕೊಂಡವು. ಮೊದಲಿಗೆ ಈ ಹೆಸರುಗಳಿಗೆ ನೇರ ಅರ್ಥ ಇತ್ತು: ತೊಟ್ಟಿಯಲ್ಲಿ ಎಷ್ಟು ಹೇರಬಹುದೋ ಅಷ್ಟು. ಅಮೆರಿಕದ ಟನ್ ನಮ್ಮ ಸಾವಿರ ಕಿಲೋದ ಟನ್ ಅಲ್ಲ, 2,000 ಪೌಂಡಿನದ್ದು. ಅಂದ್ರೆ ಸುಮಾರು 907 ಕಿಲೋ. ಆ ಲೆಕ್ಕದಲ್ಲಿ ಅರ್ಧ ಟನ್ ಅಂದ್ರೆ 454 ಕಿಲೋ. ಅಪ್ಪನ ಅಂದಾಜಿಗಿಂತಲೂ ಕಮ್ಮಿ!

ಈ ತೊಟ್ಟಿಯೊಳಗೆ ಮನೆ ಕೂರಿಸೋ ಖಯಾಲಿ ಜೋರಾಗಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. ಕೈಯಲ್ಲಿ ಕಾಸಿತ್ತು, ಹೊಸ ಹೆದ್ದಾರಿಗಳಾಗ್ತಿದ್ದವು, ರಜೆಗಳಿದ್ದವು. ಇದರ ಬಗ್ಗೆ ಬರೆದ ಅತ್ಯಂತ ಪ್ರಸಿದ್ಧ ಪ್ರಯಾಣಿಕ ಅಂದ್ರೆ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್. 1960ರಲ್ಲಿ, ಸುಮಾರು 58ನೇ ವಯಸ್ಸಲ್ಲಿ, ಜಿಎಂಸಿ ಕಂಪನಿಯ ಮುಕ್ಕಾಲು ಟನ್ ಪಿಕಪ್ಪಿನ ಮೇಲೆ ಕ್ಯಾಂಪರ್ ಕೂರಿಸಿಕೊಂಡು, ಚಾರ್ಲಿ ಅನ್ನೋ ನಾಯಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು ದೇಶ ಸುತ್ತೋಕೆ ಹೊರಟ. ಗಾಡಿಗೆ ರೋಸಿನಾಂಟೆ ಅಂತ ಹೆಸರಿಟ್ಟ. ಅದು ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರು.

ಸ್ಟೈನ್‌ಬೆಕ್ ಮಾಡಿದ ತಪ್ಪು ನಾವೆಲ್ಲಾ ಮಾಡೋದೇ. ಬೇಕಾಗಬಹುದು ಅಂತ ಎಲ್ಲಾ ತುಂಬಿಕೊಂಡ. ಹತಾರಗಳು, ಡಬ್ಬಿ ಊಟ, ಯಾವಾಗಲಾದ್ರೂ ಓದೋಣ ಅಂತ ಮುಂದಕ್ಕೆ ಹಾಕಿದ್ದ ರಾಶಿ ಪುಸ್ತಕ. 1962ರಲ್ಲಿ ಬಂದ 'ಟ್ರಾವೆಲ್ಸ್ ವಿತ್ ಚಾರ್ಲಿ' ಪುಸ್ತಕದಲ್ಲಿ ತಾನು ಅತಿಯಾಗಿ ಹೇರಿದ್ದನ್ನ ಅವನೇ ಒಪ್ಪಿಕೊಳ್ತಾನೆ. ಅದರ ಫಲ ಸಿಕ್ಕಿದ್ದು ಇದೇ ಒರೆಗಾನ್‌ನಲ್ಲಿ. ಭಾನುವಾರ, ಸುರಿಯೋ ಮಳೆ, ಹಿಂದಿನ ಟೈರು ಸಿಡಿದುಹೋಯ್ತು. ಇನ್ನೊಂದು ಹಿಂದಿನ ಟೈರೂ ಉಬ್ಬಿಕೊಂಡು ನಿಂತಿತ್ತು. ಸಣ್ಣ ಊರಿನ ಪೆಟ್ರೋಲ್ ಬಂಕಿನವನೊಬ್ಬ ಅಲ್ಲಿ ಇಲ್ಲಿ ಫೋನ್ ಮಾಡಿ, ಭಾರ ತಡೆಯೋ ಟೈರು ಹುಡುಕಿಸಿ ಕೊಟ್ಟ. ಆ ಪುಸ್ತಕದಲ್ಲಿ ಎಷ್ಟು ನಿಜ ಎಷ್ಟು ಕಟ್ಟಿದ್ದು ಅಂತ ಆಮೇಲೆ ವಾದಗಳೂ ನಡೆದಿವೆ. ಆದರೆ ಗಾಡಿ ಮಾತ್ರ ನಿಜ, ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನ ಸ್ಟೈನ್‌ಬೆಕ್ ಕೇಂದ್ರದಲ್ಲಿ ಇವತ್ತಿಗೂ ನಿಂತಿದೆ.

1960ರ ದಶಕದಲ್ಲಿ ಕ್ಯಾಂಪರ್‌ಗಳು ರಸ್ತೆ ತುಂಬಿದವು. ಕಾರು ಕಂಪನಿಗಳು 'ಕ್ಯಾಂಪರ್ ಸ್ಪೆಷಲ್' ಅಂತ ಗಟ್ಟಿ ಸ್ಪ್ರಿಂಗಿನ ಪಿಕಪ್ಪುಗಳನ್ನ ಮಾರೋಕೆ ಶುರು ಮಾಡಿದವು. ತೊಂದರೆ ಎಲ್ಲಿತ್ತು ಅಂದ್ರೆ, ಪಿಕಪ್ ಮಾಡೋನು ಒಬ್ಬ, ಕ್ಯಾಂಪರ್ ಮಾಡೋನು ಇನ್ನೊಬ್ಬ. ಗಾಡಿ ಎಷ್ಟು ಹೊರುತ್ತೆ ಅಂತ ಕ್ಯಾಂಪರ್‌ನವನು ಹೇಳ್ತಿರಲಿಲ್ಲ. ಮೇಲೆ ಏನು ಕೂರುತ್ತೆ ಅಂತ ಪಿಕಪ್ಪಿನವನಿಗೆ ಗೊತ್ತಿರಲಿಲ್ಲ. ಎರಡನ್ನೂ ಜೋಡಿಸೋ ಜವಾಬ್ದಾರಿ ಕೊಂಡವನ ತಲೆ ಮೇಲೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ, ಎರಡು ಟೀಮು, ಎರಡೂ ಕಡೆ ಕೋಡ್ ಸರಿಯಾಗೇ ಇದೆ, ಇಂಟಿಗ್ರೇಷನ್ ಮಾತ್ರ ಯಾರೂ ಟೆಸ್ಟ್ ಮಾಡಿಲ್ಲ.

ಅದೇ ಹೊತ್ತಿಗೆ ಅಮೆರಿಕದಲ್ಲಿ ರಸ್ತೆ ಸುರಕ್ಷತೆಯ ಗಾಳಿ ಬೀಸ್ತಿತ್ತು. 1965ರಲ್ಲಿ ರಾಲ್ಫ್ ನೇಡರ್ ಬರೆದ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಕಾರು ಕಂಪನಿಗಳ ನಿದ್ದೆ ಕೆಡಿಸಿತು. ಅಪಘಾತಕ್ಕೆ ಬರೀ ಓಡಿಸೋನನ್ನ ಬೈದರೆ ಸಾಲದು, ಗಾಡಿ ಹೆಂಗೆ ಕಟ್ಟಿದೀರಿ ಅಂತಾನೂ ಕೇಳಬೇಕು ಅನ್ನೋದು ಅದರ ವಾದ. 1966ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತೆಯ ಕಾಯ್ದೆಗೆ ಸಹಿ ಹಾಕಿದರು. ಆ ಕಾಯ್ದೆಯ ಬಲದ ಮೇಲೆ, 1970ರ ದಶಕದ ಮೊದಲ ವರ್ಷಗಳಲ್ಲಿ, ಪಿಕಪ್ ಮತ್ತು ಕ್ಯಾಂಪರ್ ಜೋಡಿಗೇ ಅಂತ ಒಂದು ನಿಯಮ ಬಂತು.

ಈ ನಿಯಮ ಓದಿದಾಗ ನನಗೆ ಖುಷಿಯಾಯ್ತು, ಯಾಕಂದ್ರೆ ಅದು ತೀರಾ ಮನೆವಾರ್ತೆಯ ಲೆಕ್ಕ. ಕ್ಯಾಂಪರ್ ಮೇಲೆ ಒಂದು ಲೇಬಲ್ ಇರಬೇಕು. ಇಷ್ಟು ಗ್ಯಾಲನ್ ನೀರು, ಇಷ್ಟು ಗ್ಯಾಸು, ಇಷ್ಟು ದೊಡ್ಡ ಫ್ರಿಜ್ಜು ಇದ್ದಾಗ ಒಟ್ಟು ತೂಕ ಎಷ್ಟು ಅಂತ ಅದರಲ್ಲಿ ಬರೆದಿರಬೇಕು. ಖಾಲಿ ಮನೆಯ ತೂಕ ಹೇಳಿ ಗಿರಾಕಿಗೆ ಟೋಪಿ ಹಾಕೋ ಹಾಗಿಲ್ಲ. ಪಿಕಪ್ ಮಾಡೋನು ಗಾಡಿ ಎಷ್ಟು ಹೊರುತ್ತೆ ಅನ್ನೋದರ ಜೊತೆಗೆ, ಹೊರೆಯ ಗುರುತ್ವ ಕೇಂದ್ರ ತೊಟ್ಟಿಯಲ್ಲಿ ಎಲ್ಲಿಂದ ಎಲ್ಲಿಯೊಳಗೆ ಬೀಳಬೇಕು ಅಂತ ಚಿತ್ರ ಬರೆದು ತೋರಿಸಬೇಕು.

ಈ ಗುರುತ್ವ ಕೇಂದ್ರದ ವಿಷಯ ಹೇಳಿದಾಗ ಅಪ್ಪ ನಕ್ಕುಬಿಟ್ಟ. "ಇದಕ್ಕೆ ಕಾನೂನು ಬೇಕಿತ್ತಾ? ಹಿಂಭಾರ ಆದ್ರೆ ಮೂಕಿ ಮೇಲಕ್ಕೇಳ್ತದೆ, ಮುಂಭಾರ ಆದ್ರೆ ಎತ್ತಿನ ಕುತ್ತಿಗೆ ಹೋಯ್ತದೆ." ಗಾಡಿ ಕಟ್ಟಿದವರಿಗೆ ಗೊತ್ತಿರೋ ಮಾತು. ಪಿಕಪ್ಪಿನಲ್ಲೂ ಅಷ್ಟೇ. ಭಾರ ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಹೋದರೆ ಮುಂದಿನ ಗಾಲಿಗಳು ಹಗುರಾಗ್ತವೆ, ಸ್ಟೀರಿಂಗ್ ತಿರುಗಿಸಿದ ಕಡೆ ಗಾಡಿ ತಿರುಗಲ್ಲ, ಬ್ರೇಕೂ ನೆಟ್ಟಗೆ ಹಿಡಿಯಲ್ಲ.

ಇಷ್ಟೊತ್ತಿಗೆ 'ಅರ್ಧ ಟನ್' ಅನ್ನೋ ಹೆಸರಿಗೆ ಅರ್ಥವೇ ಉಳಿದಿರಲಿಲ್ಲ. 1975ರಲ್ಲಿ ಫೋರ್ಡಿನ ಎಫ್-150 ಬಂತು. ಆ ಕಾಲದ ಹೊಗೆ ನಿಯಮ, ಗಾಡಿ ಮತ್ತು ಹೊರೆ ಸೇರಿ 6,000 ಪೌಂಡ್ ಒಳಗಿದ್ದ ಪಿಕಪ್ಪುಗಳನ್ನ ಬಿಗಿಯಾಗಿ ಹಿಡಿಯುತ್ತಿತ್ತು. ಎಫ್-150ಯ ಮಿತಿಯನ್ನ ಅದಕ್ಕಿಂತ ಸ್ವಲ್ಪ ಮೇಲೆ ಇಟ್ಟು ಕಂಪನಿ ನಿಯಮದಿಂದ ಜಾರಿಕೊಂಡಿತು. ಹೀಗೆ ತೂಕದ ಅಂಕಿ ಹೊರೋ ಶಕ್ತಿಯನ್ನಷ್ಟೇ ಅಲ್ಲ, ಕಾನೂನಿನ ಸಂದುಗಳನ್ನೂ ನೋಡಿಕೊಂಡು ಹುಟ್ಟುತ್ತೆ. ಇವತ್ತಿನ 'ಅರ್ಧ ಟನ್' ಪಿಕಪ್ಪುಗಳು 454 ಕಿಲೋಗಿಂತ ಜಾಸ್ತಿಯೇ ಹೊರುತ್ತವೆ. ಎಷ್ಟು ಜಾಸ್ತಿ ಅನ್ನೋದು ಒಂದೊಂದು ಗಾಡಿಗೂ ಬೇರೆ. ಉದ್ದ ಕ್ಯಾಬಿನ್ನು, ಚರ್ಮದ ಸೀಟು, ಸನ್‌ರೂಫ್ ಇದ್ದಷ್ಟೂ ಗಾಡಿಯದ್ದೇ ತೂಕ ಏರಿ, ಹೊರೋ ಪಾಲು ಇಳಿಯುತ್ತೆ.

ಆ ಗಾಡಿಗೆ ಎಷ್ಟು ಅಂತ ಬಾಗಿಲಲ್ಲೇ ಬರೆದಿರಬೇಕು ಅನ್ನೋ ಕಾಲ ಬಂದಿದ್ದು ಜೀವಗಳು ಹೋದ ಮೇಲೆ. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನ ವಾಪಸ್ ಕರೆಸಿಕೊಳ್ಳೋದಾಗಿ ಘೋಷಿಸಿತು. ಅವುಗಳಲ್ಲಿ ಬಹಳಷ್ಟು ಇದ್ದದ್ದು ಫೋರ್ಡ್ ಎಕ್ಸ್‌ಪ್ಲೋರರ್‌ಗಳಲ್ಲಿ. ಪಿಕಪ್ಪಿನ ಚಾಸಿಯಿಂದ ಬೆಳೆದ ಕುಟುಂಬದ ಗಾಡಿ ಅದು. ಬಿಸಿಲು, ವೇಗ, ಕಮ್ಮಿ ಗಾಳಿ, ಮೇಲೆ ಭಾರ ಎಲ್ಲಾ ಸೇರಿದಾಗ ಟೈರಿನ ಮೇಲ್ಪದರ ಕಿತ್ತುಬಂದು ಗಾಡಿಗಳು ಮಗುಚುತ್ತಿದ್ದವು. ಆ ವರ್ಷದ ನವೆಂಬರ್‌ನಲ್ಲೇ ಹೊಸ ಕಾಯ್ದೆ ಬಂತು. ಅದರ ನಂತರ ಬಂದ ನಿಯಮಗಳಿಂದಲೇ ಇವತ್ತು ಅಲ್ಲಿನ ಪಿಕಪ್ಪುಗಳ ಬಾಗಿಲ ಕಂಬದಲ್ಲಿ ಹಳದಿ ಪಟ್ಟಿಯ ಲೇಬಲ್ ಕಾಣುತ್ತೆ: ಜನ ಮತ್ತು ಸಾಮಾನು ಸೇರಿ ಒಟ್ಟು ತೂಕ ಇಷ್ಟು ಕಿಲೋ ಮೀರಬಾರದು. ಟೈರ್ ಗಾಳಿ ಕಮ್ಮಿಯಾದರೆ ಡ್ಯಾಶ್‌ಬೋರ್ಡಲ್ಲಿ ಬೆಳಗೋ ದೀಪವೂ ಅದೇ ಕಾಯ್ದೆಯ ಕೂಸು.

ಗೆಳೆಯನ ಗಾಡಿಯ ಲೇಬಲ್ ಹೇಳಿದ್ದು 708 ಕಿಲೋ. ಮೊಬೈಲಲ್ಲಿ ಕ್ಯಾಲ್ಕುಲೇಟರ್ ತೆಗೆದೆ. ಕ್ಯಾಂಪರ್ ಖಾಲಿ ಇದ್ದಾಗ 476 ಕಿಲೋ. "ಇನ್ನೂ ಇನ್ನೂರಕ್ಕೂ ಜಾಸ್ತಿ ಉಳೀತಲ್ಲಪ್ಪ," ಅಂದೆ.

"ನೀರು?" ಅಂದ ಅಪ್ಪ.

20 ಗ್ಯಾಲನ್ ಟ್ಯಾಂಕು, 76 ಕಿಲೋ. ಗ್ಯಾಸ್ ಸಿಲಿಂಡರ್ 17. ಬ್ಯಾಟರಿ 27. ಅಕ್ಕಿ, ಬೇಳೆ, ಕುಕ್ಕರ್, ಐಸ್ ಡಬ್ಬ, ಚಾದರ ಎಲ್ಲಾ ಸೇರಿ 60. ನಾವು ನಾಲ್ಕು ಜನ 280. ಜನರನ್ನ ಲೆಕ್ಕಕ್ಕೆ ಹಿಡೀಬೇಕು ಅನ್ನೋದನ್ನೇ ಗೆಳೆಯ ಮರೆತಿದ್ದ. ಒಟ್ಟು 936 ಕಿಲೋ.

"ಇವೆಲ್ಲಾ ಸುಮ್ನೆ ಕಂಪನಿಯವರು ಹೆದರಿಕೊಂಡು ಬರೆಯೋದು ಮಗಾ. ಇಷ್ಟು ದೊಡ್ಡ ಗಾಡಿಗೆ ಇನ್ನೂರು ಕಿಲೋ ಏನಾಗುತ್ತೆ?" ಅಂದ ಗೆಳೆಯ. ಅವನ ಮುಖ ಕೆಂಪಾಗಿತ್ತು. ಹೆಂಡತಿ ಎದುರು, ಊರಿಂದ ಬಂದ ಹಿರಿಯರ ಎದುರು ಗಾಡಿಗೆ ಅವಮಾನ ಆದಂಗಾಗಿತ್ತು.

ಅಪ್ಪ ವಾದ ಮಾಡಲಿಲ್ಲ. "ಇಲ್ಲಿ ವೇಬ್ರಿಜ್ ಐತಾ?" ಅಂತ ಕೇಳಿದ ಅಷ್ಟೇ. ಕಬ್ಬು ಬೆಳೆದವನಿಗೆ ಅಂದಾಜಿನ ಮೇಲೆ ನಂಬಿಕೆ ಇರಲ್ಲ.

ಲಾರಿಗಳು ನಿಲ್ಲೋ ಟ್ರಕ್ ಸ್ಟಾಪಿನಲ್ಲಿ ತೂಕ ಹಾಕಿಸಿದ್ವಿ. ಒಟ್ಟು 7,520 ಪೌಂಡ್. ಗಾಡಿ, ಹೊರೆ, ಜನ ಎಲ್ಲಾ ಸೇರಿ ಇರಬೇಕಾದ ಮಿತಿ 7,000. ಹಿಂದಿನ ಅಚ್ಚಿನ ಮಿತಿ 3,800, ತೂಗಿದ್ದು 4,100. ಚೀಟಿ ಹಿಡಿದು ಗೆಳೆಯ ಸುಮ್ಮನೆ ನಿಂತ.

ಆಗ ಅಪ್ಪ ನಾನು ಯಾವತ್ತೂ ಕೇಳಿರದ ಒಂದು ವಿಷಯ ಹೇಳಿದ. ನಾನು ಮೂರನೇ ಕ್ಲಾಸಲ್ಲಿದ್ದಾಗ ನಮ್ಮ ಮನೆಯ ಎಡಗಡೆ ಎತ್ತು ಇದ್ದಕ್ಕಿದ್ದಂಗೆ ಕಾಣೆಯಾಗಿತ್ತು. ಮಾರಿದ್ವಿ ಅಂದಿದ್ದರು. "ಮಾರಿರಲಿಲ್ಲ ಕಣ್ಲಾ. ಕೊನೇ ಲೋಡು. ಉಳಿದಿರೋ ಒಸಿ ಕಬ್ಬಿಗೆ ಇನ್ನೊಂದ್ ಗಾಡಿ ಯಾಕೆ ಅಂತ ಅದ್ರ ಮ್ಯಾಲೇ ಹೇರ್ದೆ. ಏರಲ್ಲಿ ಎಳ್ಕೊಂಡು ಬಂತು, ಪಾಪ. ಇಳಿಜಾರಲ್ಲಿ ತಡಿಯಕಾಗ್ಲಿಲ್ಲ. ಮಂಡಿ ಊರ್ಬಿಡ್ತು. ಕಾಲು ಮುರೀತು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎತ್ತು ಆಗಕ್ಕಿಲ್ಲ ಅಂತ ಬಾಯ್ಬಿಟ್ಟು ಹೇಳಕ್ಕಿಲ್ಲ. ಬೀಳೋಗಂಟ ಎಳೀತದೆ," ಅಂದ.

ಗಾಡಿಯೂ ಹಂಗೇ. ಹೆಚ್ಚು ಹೇರಿದರೂ ಸ್ಟಾರ್ಟ್ ಆಗುತ್ತೆ, ಹೆದ್ದಾರಿಯಲ್ಲಿ ಓಡುತ್ತೆ. ಟೈರು ಒಳಗೊಳಗೇ ಬಿಸಿಯಾಗ್ತಾ ಇರುತ್ತೆ. ಬ್ರೇಕಿನ ಕಥೆ ಗೊತ್ತಾಗೋದು ಘಾಟಿ ಇಳಿಯುವಾಗ.

ಗೆಳೆಯ ಮರುಮಾತಾಡದೆ ನೀರಿನ ಟ್ಯಾಂಕು ಖಾಲಿ ಮಾಡಿದ. ಅಲ್ಲಿಗೆ ಹೋಗಿ ತುಂಬಿಸಿಕೊಂಡರಾಯ್ತು. ಐಸ್ ಡಬ್ಬ, ಮಡಚೋ ಕುರ್ಚಿಗಳು, ದೊಡ್ಡ ಕುಕ್ಕರ್, ಹೀಗೆ ಸುಮಾರು 40 ಕಿಲೋ ಸಾಮಾನು ನನ್ನ ಕಾರಿಗೆ ಬಂತು. ನಾನೂ ಅಪ್ಪನೂ ಕಾರಲ್ಲೇ ಹಿಂದೆ ಬರೋದು ಅಂತಾಯ್ತು. ಮತ್ತೆ ತೂಕ ಹಾಕಿಸಿದ್ವಿ: 6,960. ಮಿತಿಗಿಂತ ಬರೀ 40 ಪೌಂಡ್ ಕಮ್ಮಿ. ಹಿಂದಿನ ಅಚ್ಚೂ ಮಿತಿಯೊಳಗೆ ಬಂತು.

ನಾಲ್ಕು ಜನ ಒಂದೇ ಗಾಡಿಯಲ್ಲಿ ಹಾಡು ಹೇಳ್ಕೊಂಡು ಹೋಗೋ ಕನಸು ಮುರೀತು. ಪೆಟ್ರೋಲಿಗೆ ಡಬಲ್ ಖರ್ಚಾಯ್ತು. ಆದರೆ ಸಂಜೆ ಬೆಟ್ಟದ ತಿರುವುಗಳಲ್ಲಿ ಮುಂದಿದ್ದ ಪಿಕಪ್ಪಿನ ಕೆಂಪು ದೀಪಗಳು ನೆಟ್ಟಗೆ, ಅಲುಗಾಡದೆ ಹೋಗ್ತಿದ್ದದ್ದನ್ನ ಅಪ್ಪ ಕಣ್ಣು ಕೀಲಿಸಿ ನೋಡ್ತಾ ಕೂತಿದ್ದ. ಇಳಿಜಾರು ಮುಗಿದ ಮೇಲೆ ಸೀಟಿಗೆ ಒರಗಿ, "ಈಗ ಸರಿಯಾಗಿ ಹೋಯ್ತಾವ್ನೆ," ಅಂದ. ಆಮೇಲೆ ನಿದ್ದೆ ಹೋದ.